ಕುಕ್ಕಿದವರು ಕೂರಬೇಕು

ನಮ್ಮ ಮಾವನಿಗೆ ಒಂದು ಜೊತೆ ಚಪ್ಪಲಿ ಆರಿಸಲು ಬರುವುದಿಲ್ಲ. ಅಂಗಡಿಯಲ್ಲಿ ಕೂತರೆ ಇಡೀ ಕಪಾಟು ಖಾಲಿ ಮಾಡಿಸಿ, ಒಂದೊಂದನ್ನೂ ಮೂಸಿ, ಮಡಚಿ, ಹೊಲಿಗೆ ಎಳೆದು ನೋಡಿ, ಕೊನೆಗೆ ಹಾಕಿಕೊಂಡು ಹೋದದ್ದನ್ನೇ ಹಾಕಿಕೊಂಡು ಮನೆಗೆ ಬರುತ್ತಾರೆ. ಇವರ ಬೋಳುತಲೆ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯವನು ಊಟಕ್ಕೆ ಹೋಗಿದ್ದೇನೆ ಎಂದು ಬಾಗಿಲು ಎಳೆದುಕೊಳ್ಳುತ್ತಾನಂತೆ. ಅಂಥವರ ತಲೆಗೆ ನಮ್ಮ ಪೊಲೀಸ್ ಇಲಾಖೆಯವರು, ಇಡೀ ಪಡೆಯ ಸೊಂಟಕ್ಕೆ ಯಾವ ಪಿಸ್ತೂಲು ಬೇಕು, ಅದರಲ್ಲಿ ಎಷ್ಟು ದಪ್ಪದ ಗುಂಡು ಇರಬೇಕು ಎಂದು ಆರಿಸುವ ಕೆಲಸ ಕಟ್ಟಿದರು. ಕಟ್ಟಿದವರ ಬುದ್ಧಿಗೆ ಏನು ಹೇಳೋಣ! ಸುದ್ದಿ ಕೇಳಿದ ದಿನ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ನನ್ನ ಬುಡಕ್ಕೇ ಬರುತ್ತದೆ ಎಂದು ತಿಳಿದದ್ದು ಆಮೇಲೆ.

ಮೊದಲು ಮಾವ ಯಾರು ಎಂದು ಹೇಳಿಬಿಡುತ್ತೇನೆ. ನನ್ನ ಗಂಡನ ತಂದೆ. ಪೊಲೀಸ್ ಆಯುಧ ಕೊಠಡಿಯ ಉಸ್ತುವಾರಿ ಅವರದು, ಗುಂಡು ಹಾರಿಸುವ ಮೈದಾನದಲ್ಲಿ ನಮಗೆಲ್ಲ ಗುರಿ ಕಲಿಸುವವರೂ ಅವರೇ. ಪಡೆಯಲ್ಲಿ ಎಲ್ಲರೂ ಗುರಿಮೇಷ್ಟ್ರು ಎನ್ನುತ್ತಾರೆ. ಮೈಯಲ್ಲಿ ಸದಾ ಬಂದೂಕಿನ ಎಣ್ಣೆಯ ವಾಸನೆ. ಅದು ಟವೆಲಿಗೆ, ದಿಂಬಿಗೆ, ಕೊನೆಗೆ ಅತ್ತೆಯ ಬಾಚಣಿಗೆಗೂ ಹತ್ತಿದೆ. ಎಡಗಿವಿ ಗುಂಡಿನ ಸದ್ದಿಗೆ ಅರ್ಧ ಹೋಗಿದೆ, ಹಾಗಾಗಿ ಉಪ್ಪು ಕೊಡಿ ಎನ್ನುವುದನ್ನೂ ಮೈದಾನದಲ್ಲಿ ಆಜ್ಞೆ ಕೊಟ್ಟಂತೆ ಕೂಗುತ್ತಾರೆ. ಟಿವಿಯಲ್ಲಿ ಹೊಡೆದಾಟದ ಸಿನಿಮಾ ಬಂದರೆ ನಮಗೆ ನೆಮ್ಮದಿಯಿಂದ ನೋಡಲು ಬಿಡುವುದಿಲ್ಲ. "ಮುಗೀತು ಕಣಯ್ಯಾ ನಿನ್ನ ಗುಂಡು! ಯಾವಾಗಲೋ ಮುಗೀತು! ಇನ್ನೂ ಹೊಡೀತಾನೇ ಇದ್ದಾನಲ್ಲ, ಇವನ ಗನ್ನಿಗೆ ನಲ್ಲಿ ಕನೆಕ್ಷನ್ ಇದೆಯಾ?" ಎಂದು ನಾಯಕನಿಗೆ ಬಯ್ಯುತ್ತಾರೆ.

ಇಷ್ಟೆಲ್ಲ ಇದ್ದೂ, ಸೇವೆಯುದ್ದಕ್ಕೂ ಮಾವ ಮೈದಾನದ ಹೊರಗೆ ಗುಂಡು ಹಾರಿಸಿದ್ದು ಒಂದೇ ಸಲ. ಅದೂ ಯಾವ ಕಳ್ಳನ ಮೇಲೂ ಅಲ್ಲ, ಆಯುಧ ಕೊಠಡಿಯ ಗೋಡೆ ಗಡಿಯಾರದ ಮೇಲೆ. ಅದೂ ಕೈತಪ್ಪಿ. ಯಾರೋ ರಿಪೇರಿಗೆ ತಂದುಕೊಟ್ಟ ನಲವತ್ತೈದರ ಪಿಸ್ತೂಲಿನಲ್ಲಿ ಒಂದು ಗುಂಡು ಉಳಿದುಕೊಂಡಿತ್ತು. ನಲವತ್ತೈದು ಎಂದರೆ ಗುಂಡಿನ ಅಡ್ಡಳತೆ, ಇಂಚಿನ ನೂರು ಪಾಲಿನಲ್ಲಿ ನಲವತ್ತೈದು, ಹೆಚ್ಚುಕಡಿಮೆ ನನ್ನ ಕಿರುಬೆರಳಿನಷ್ಟು ದಪ್ಪ. ಗಡಿಯಾರ ಒಂದೇ ಏಟಿಗೆ ಚೂರುಚೂರಾಗಿ, ಮುಳ್ಳು ಎಲ್ಲೋ, ಪೆಟ್ಟಿಗೆ ಎಲ್ಲೋ ಬಿತ್ತಂತೆ. ಬೇರೆಯವರಾಗಿದ್ದರೆ ಅವತ್ತಿನಿಂದ ಎಚ್ಚರ ಕಲಿಯುತ್ತಿದ್ದರು. ಮಾವ ಎಚ್ಚರವನ್ನೂ ಕಲಿತರು, ಜೊತೆಗೆ ನಲವತ್ತೈದರ ಭಕ್ತರೂ ಆದರು.

"ಒಂದೇ ಗುಂಡು ಕಣಮ್ಮಾ, ಎರಡನೇದು ಬೇಕಾಗಲ್ಲ," ಎಂದು ಮದುವೆಯಾಗಿ ಬಂದ ಹೊಸತರಲ್ಲೇ ನನಗೆ ಹೇಳಿದ್ದರು.

"ಅದು ಗಡಿಯಾರ ರೀ," ಎಂದರು ಅತ್ತೆ ಒಳಗಿನಿಂದ. "ಎದುರು ನಿಂತ್ಕೊಂಡು ಮಚ್ಚು ಬೀಸ್ತಾ ಇರ್ಲಿಲ್ಲ ಅದು. ಅದರ ಪಾಡಿಗೆ ಅದು ಟೈಮ್ ತೋರಿಸ್ತಾ ಇತ್ತು."

ಅತ್ತೆಯ ಬಾಯಿಗೆ ಬಿದ್ದರೆ ಯಾರೂ ಉಳಿಯುವುದಿಲ್ಲ, ಮಾವನಂತೂ ಉಳಿಯುವುದೇ ಇಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದೂ ಮಾವನ ಒಂದು ಕಟ್ಟುನಿಟ್ಟಿನಿಂದಲೇ. ಅದನ್ನು ಹೇಳಬೇಕಾದರೆ 'ಕುಕ್ಕುವುದು' ಎಂದರೇನು ಎಂದು ಹೇಳಬೇಕು. ಗುಂಡು ಹಾರುವಾಗ ದೊಡ್ಡ ಸದ್ದು ಬರುತ್ತದೆ, ಗನ್ನು ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಹೆದರಿದ ಕೈ, ಟ್ರಿಗರ್ ಎಳೆಯುವ ಕ್ಷಣಕ್ಕೆ ಸರಿಯಾಗಿ ಗನ್ನನ್ನು ಕೆಳಕ್ಕೆ ತಳ್ಳಿಬಿಡುತ್ತದೆ. ಗುಂಡು ಗುರಿ ಬಿಟ್ಟು ನೆಲಕ್ಕೆ ಹೋಗುತ್ತದೆ. ಸದ್ದಿನ ಗಲಾಟೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹಿಡಿಯಲು ಮಾವ, ನಿಜವಾದ ಗುಂಡುಗಳ ನಡುವೆ ಎಲ್ಲೋ ಒಂದು ಡಮ್ಮಿ ಗುಂಡು ಸೇರಿಸುತ್ತಾರೆ. ನೋಡಲು ಹಾಗೇ ಇರುತ್ತದೆ, ಒಳಗೆ ಮದ್ದಿಲ್ಲ. ಅದು ಬಂದಾಗ ಬರೀ ಟಕ್ ಎನ್ನುತ್ತದೆ. ಸದ್ದೂ ಇಲ್ಲ, ಒದೆತವೂ ಇಲ್ಲ. ಆದರೆ ಹೆದರಿದ ಕೈಗೆ ಅದು ಗೊತ್ತಿಲ್ಲವಲ್ಲ, ಗನ್ನಿನ ಮೂತಿ ಕೋಳಿ ಕಾಳು ಹೆಕ್ಕಿದ ಹಾಗೆ ಕೆಳಗೆ ಕುಕ್ಕುತ್ತದೆ. ಆಗ ಎಲ್ಲರಿಗೂ ಕಾಣುತ್ತದೆ.

ಮಾವನ ನಿಯಮ ಒಂದೇ. ಕುಕ್ಕಿದವರು ಕೂರಬೇಕು. ಎಲ್ಲಿ? ಕಂಟ್ರೋಲ್ ರೂಮಿನಲ್ಲಿ, ಟೆಲಿಫೋನಿನ ಮುಂದೆ. ಮರುಪರೀಕ್ಷೆಯಲ್ಲಿ ಪಾಸಾಗುವವರೆಗೆ ಬೀದಿಯ ಕೆಲಸ ಇಲ್ಲ, ಬೀಟ್ ಇಲ್ಲ, ಗಾಡಿ ಇಲ್ಲ. ಬಂದ ಕರೆ ಎತ್ತುವುದು, ವೈರ್‌ಲೆಸ್ಸಿನಲ್ಲಿ ಬೇರೆಯವರನ್ನು ಕಳಿಸುವುದು, ಮತ್ತೆ ಕರೆ ಎತ್ತುವುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೇ ರಿವಾಲ್ವರಿನಲ್ಲೇ ಚೆನ್ನಾಗಿ ಕುಕ್ಕಿದೆ. ಕೈ ಚಿಕ್ಕದು, ಆಳೂ ಚಿಕ್ಕವಳು, ಪಡೆಯಲ್ಲಿ ನನ್ನ ಹೆಸರೇ ಗುಬ್ಬಿ. ಗುರಿಮೇಷ್ಟ್ರು ಮುಖ ನೋಡದೆ, "ಕೂರಲಿ" ಎಂದರು. ಕೂತೆ. ಆ ಕೋಣೆಗೆ ಕಿಟಕಿ ಇಲ್ಲ. ಊರಿನ ಜಗಳ, ಬೆಂಕಿ, ಕಳ್ಳತನ ಎಲ್ಲ ಕಿವಿಗೆ ಬೀಳುತ್ತದೆ, ಕಣ್ಣಿಗೆ ಮಾತ್ರ ಗೋಡೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇದ್ದ ಒಂದೇ ಸುಖ ಎಂದರೆ ಟೆಲಿಫೋನ್ ತಂತಿ ರಿಪೇರಿಗೆ ಬರುತ್ತಿದ್ದ ಒಬ್ಬ ಮಾತುಗಾರ. ಸರಿಯಿದ್ದ ತಂತಿಯನ್ನೂ ಬಂದು ಬಂದು ರಿಪೇರಿ ಮಾಡುತ್ತಿದ್ದ. ಅವನು ಗುರಿಮೇಷ್ಟ್ರ ಮಗ ಎಂದು ಗೊತ್ತಾದಾಗ ಕೈಮೀರಿ ಹೋಗಿತ್ತು.

ಹಾಗಾಗಿ ಮಾವ ನನ್ನನ್ನು ಫೇಲು ಮಾಡದಿದ್ದರೆ ಅವರಿಗೆ ಈ ಸೊಸೆ ಸಿಗುತ್ತಿರಲಿಲ್ಲ. ಇದನ್ನು ಅವರ ಮುಂದೆಯೇ ಹೇಳುತ್ತೇನೆ. "ಅದಕ್ಕೇ ನನಗೂ ಪಶ್ಚಾತ್ತಾಪ," ಎನ್ನುತ್ತಾರೆ. ಮದುವೆಯಾದ ಮೇಲೂ ಬಿಡದೆ ಅಭ್ಯಾಸ ಮಾಡಿ, ಮತ್ತೆ ಪರೀಕ್ಷೆಗೆ ನಿಂತು, ಪಾಸಾಗಿ ಬೈಕಿನ ಬೀಟ್ ಗಿಟ್ಟಿಸಿಕೊಂಡೆ. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಗಾಳಿಗೆ ಮುಖ ಕೊಟ್ಟಾಗ ಆಗುವ ಖುಷಿ ಇದೆಯಲ್ಲ, ಅದನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ನನಗೆ ಇರಲಿಲ್ಲ.

ಮನೆಯಿಂದ ಮಾವ, ನಾನು ಒಂದೇ ಸ್ಕೂಟರಿನಲ್ಲಿ ಹೊರಡುತ್ತೇವೆ. ಮೈದಾನದ ಗೇಟು ಬರುವವರೆಗೆ ನಾನು ಅವರಿಗೆ "ಅಮ್ಮಾ", ಅವರು ನನಗೆ "ಮಾವ". ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿ ನನ್ನನ್ನು ಇಳಿಸುತ್ತಾರೆ. ಅಲ್ಲಿಂದಾಚೆ ನಾನು ಬರೀ ಕಾನ್‌ಸ್ಟೇಬಲ್, ಅವರು ಸಾರ್. ಸೊಸೆಗೆ ಸಲುಗೆ ಕೊಟ್ಟರು ಎಂದು ಯಾರ ಬಾಯಲ್ಲೂ ಬರಬಾರದು ಎಂದು ಇದು ಅವರ ಕಟ್ಟಳೆ. ಒಂದು ಸಲ ಛತ್ರಿ ಸ್ಕೂಟರಿನಲ್ಲೇ ಮರೆತು, ಒಳಗೆ ಹೋಗಿ ಕೇಳಿದ್ದಕ್ಕೆ, "ಇಲಾಖೆ ಛತ್ರಿ ಕೊಡೋದಿಲ್ಲ, ಕಾನ್‌ಸ್ಟೇಬಲ್" ಎಂದಿದ್ದರು ಪುಣ್ಯಾತ್ಮರು.

ಹೀಗಿರುವಾಗ ಹಳೇ ರಿವಾಲ್ವರುಗಳ ಆಯಸ್ಸು ಮುಗಿಯಿತು. ಸ್ಪ್ರಿಂಗು ಸಡಿಲ, ಒಳಗೆಲ್ಲ ಸವೆತ, ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ. ಹೊಸ ಪಿಸ್ತೂಲು ಆರಿಸಲು ಮೂರು ಜನರ ಸಮಿತಿಯಾಯಿತು. ಒಬ್ಬರು ನಮ್ಮ ಸಾಹೇಬರು, ಆರಡಿ ಆಳು, ಕೈಕುಲುಕಿದರೆ ನಮ್ಮ ಕೈ ವಾಪಸ್ ಸಿಗುವುದು ಅನುಮಾನ. ಇನ್ನೊಬ್ಬರು ಉಗ್ರಾಣದ ಮೇಡಂ. ಅವರಿಗೆ ಗನ್ನಾದರೂ ಒಂದೇ, ಗುದ್ದಲಿಯಾದರೂ ಒಂದೇ, ಬಿಡಿಭಾಗ ಸಿಗುತ್ತದೋ ಇಲ್ಲವೋ ಅಷ್ಟೇ ಕೇಳುವುದು. ಮೂರನೆಯವರು ಮಾವ. ಮೇಜಿನ ಮೇಲೆ ಮೂರು ಪಿಸ್ತೂಲು ಬಂದವು. ಒಂದು ನಲವತ್ತೈದು, ದಪ್ಪ ಗುಂಡು, ದಪ್ಪ ಹಿಡಿ. ಒಂದು ನಲವತ್ತು, ಮಧ್ಯಮ. ಇನ್ನೊಂದು ಒಂಬತ್ತು ಎಂಎಂ, ಗುಂಡು ಸಣ್ಣದು, ಆದರೆ ಗುಂಡು ತುಂಬುವ ಡಬ್ಬಿಯಲ್ಲಿ, ಅಂದರೆ ಮ್ಯಾಗಜಿನ್ನಿನಲ್ಲಿ, ಹೆಚ್ಚು ಹಿಡಿಯುತ್ತದೆ, ಒದೆತ ಕಡಿಮೆ, ಹಿಡಿಯ ಹಿಂಭಾಗವನ್ನು ಕೈಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಸಾಹೇಬರು ನಲವತ್ತೈದನ್ನು ಎತ್ತಿಕೊಂಡರು. ಅವರ ಅಂಗೈಯಲ್ಲಿ ಅದು ಆಟಿಕೆಯ ಹಾಗೆ ಕೂತಿತು. ಅವರಿಗೆ ಅದೇ ಒಪ್ಪಿಗೆ. ಮಾವನಂತೂ ಮೊದಲೇ ಭಕ್ತರು. ಪಡೆಯ ಜೋರು ಗಂಡಸರು, ಕೊಟ್ಟರೆ ಅದನ್ನೇ ಕೊಡಿ ಎಂದರು. ನಾನು ಕೈಗೆ ತೆಗೆದುಕೊಂಡು ನೋಡಿದೆ. ಹಿಡಿಯನ್ನು ಸರಿಯಾಗಿ ಹಿಡಿದರೆ ಬೆರಳು ಟ್ರಿಗರಿಗೆ ಎಟುಕುವುದಿಲ್ಲ. ಬೆರಳು ಎಟುಕಿಸಿದರೆ ಹಿಡಿ ತಿರುಗಿಹೋಗುತ್ತದೆ. ಇದೇ ಆಯ್ಕೆಯಾದರೆ ಎಲ್ಲರೂ ಇದರಲ್ಲೇ ಪರೀಕ್ಷೆ ಪಾಸಾಗಬೇಕು. ನಾನು ಕುಕ್ಕುವುದು ಖಂಡಿತ. ಕುಕ್ಕಿದವರು ಕೂರಬೇಕು. ಕಣ್ಣ ಮುಂದೆ ಆ ಕಿಟಕಿಯಿಲ್ಲದ ಕೋಣೆ ಬಂತು.

ಮನೆಯಲ್ಲಿ ಈ ವಿಷಯ ಎತ್ತಬಾರದು ಎಂದು ಮಾವ ಮೊದಲೇ ಹೇಳಿದ್ದರು. ಸಮಿತಿಯ ಗುಟ್ಟು, ನ್ಯಾಯ, ನೀತಿ ಎಂದೆಲ್ಲ. ನಾನು ಎತ್ತಲಿಲ್ಲ. ಆದರೆ ಅತ್ತೆ ಯಾವ ಸಮಿತಿಗೂ ಸೇರಿದವರಲ್ಲ.

"ಏನ್ರೀ, ಇವಳ ಕೈ ನೋಡಿದ್ದೀರಾ?" ಎಂದರು ಊಟಕ್ಕೆ ಕೂತಾಗ. ನನ್ನ ಕೈಯನ್ನು ಎಳೆದು ಮಾವನ ತಟ್ಟೆಯ ಪಕ್ಕ ಇಟ್ಟರು. "ಪಾತ್ರೆ ತೊಳೆಯೋ ಗ್ಲೌಸು ಹಾಕಿದ್ರೆ ಬೆರಳ ತುದಿ ಜೋತು ಬೀಳುತ್ತೆ. ಇದಕ್ಕೆ ನಿಮ್ಮ ಆ ಮರದ ದಿಮ್ಮಿ ಕಟ್ತೀರಾ?"

"ಗನ್ನಿನ ವಿಷಯ ಮನೇಲಿ ಬೇಡ."

"ನಾನೆಲ್ಲಿ ಗನ್ನಿನ ವಿಷಯ ಮಾತಾಡಿದೆ? ಗ್ಲೌಸಿನ ವಿಷಯ ಮಾತಾಡಿದೆ."

ಮಾವ ಅನ್ನ ಕಲಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ಅಂದರೆ ಪಕ್ಕದ ಮನೆಗೆ ಕೇಳುವಷ್ಟು ಮೆಲ್ಲಗೆ ಹೇಳಿದರು: "ನೋಡಮ್ಮಾ, ನೀನು ಒಬ್ಬಳೇ ಬೀದೀಲಿ ಇರ್ತೀಯ. ಎದುರಿಗೆ ಬಂದವನು ನಿನ್ನ ಎರಡರಷ್ಟು ಇದ್ದರೆ? ಸಣ್ಣ ಗುಂಡು ಅವನನ್ನ ನಿಲ್ಲಿಸದೇ ಹೋದ್ರೆ? ನಾನು ಕಟ್ಟಿ ಕಳಿಸಿದ ಗನ್ನು ನಿನ್ನ ಕಾಪಾಡಲಿಲ್ಲ ಅಂದ್ರೆ ನಾನು ಈ ಮನೇಲಿ ಹೇಗೆ ಮುಖ ತೋರಿಸ್ಲಿ? ಅಭ್ಯಾಸ ಮಾಡಿದ್ರೆ ಎಂಥ ಕೈಯೂ ನಿಲ್ಲುತ್ತೆ. ನಾನು ಕಲಿಸ್ತೀನಿ."

ನನಗೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ. ನನ್ನ ಬೀಟ್ ಕಿತ್ತುಕೊಳ್ಳಲು ಹೊರಟಿದ್ದ ಮನುಷ್ಯನಿಗೆ ನನ್ನ ಮೇಲೇ ಅಷ್ಟು ಕಾಳಜಿ! ಯಾರ ಹತ್ತಿರ ದೂರು ಹೇಳಲಿ?

ಪರೀಕ್ಷೆಯ ದಿನ ಬಂತು. ಉದ್ದ ಆಳು, ಗಿಡ್ಡ ಆಳು, ಹೊಸಬರು, ಮುದುಕರು, ಎಲ್ಲ ಥರದವರನ್ನೂ ಪಟ್ಟಿಯಿಂದ ಎತ್ತಿ ಸಾಲಿನಲ್ಲಿ ನಿಲ್ಲಿಸಿದ್ದರು. ಅದರಲ್ಲಿ ನಾನೂ ಒಬ್ಬಳು. ಮಾವ ಮೇಜಿನ ಮೇಲೆ ಮ್ಯಾಗಜಿನ್ನುಗಳನ್ನು ಜೋಡಿಸಿದ್ದರು. ಡಮ್ಮಿ ಸೇರಿಸಿದ ಮ್ಯಾಗಜಿನ್ನಿನ ತಳಕ್ಕೆ ಕೆಂಪು ಬಣ್ಣದ ಬೊಟ್ಟು, ಅಪ್ಪಿತಪ್ಪಿ ಡ್ಯೂಟಿಗೆ ಹೋಗಿಬಿಡಬಾರದು ಎಂದು. ಡಮ್ಮಿ ಎಷ್ಟನೆಯದು ಎಂಬುದು ಮಾತ್ರ ಅವರಿಗೂ ಗೊತ್ತಿರುವುದಿಲ್ಲ. ಎಲ್ಲ ಗುಂಡುಗಳನ್ನೂ ಒಂದು ಬಟ್ಟಲಿಗೆ ಹಾಕಿ, ಕಲಸಿ, ಬೇರೆಡೆ ನೋಡುತ್ತಾ ತುಂಬುತ್ತಾರೆ. ಆ ವಿಷಯದಲ್ಲಿ ಭಾರೀ ಪ್ರಾಮಾಣಿಕರು.

ಒಂಬತ್ತರಲ್ಲಿ ನನ್ನ ಗುಂಡುಗಳು ಗುರಿಯ ಮಧ್ಯೆ ಒಂದರ ಪಕ್ಕ ಒಂದು ಕೂತವು. ಡಮ್ಮಿ ಬಂದಾಗ ಮೂತಿ ಅಲ್ಲಾಡಲಿಲ್ಲ. ನಲವತ್ತರಲ್ಲಿ ಪರವಾಗಿಲ್ಲ. ನಲವತ್ತೈದು ಕೈಗೆ ಬಂತು. ಮೊದಲ ಗುಂಡಿಗೇ ಭುಜದವರೆಗೆ ಝುಂ ಎಂದಿತು. ಎರಡನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮೂರನೆಯದು ಡಮ್ಮಿ. ಟಕ್. ನನ್ನ ಗನ್ನು ನೆಲಕ್ಕೆ ನಮಸ್ಕಾರ ಮಾಡಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಪಿಸ್ತೂಲಿನ ತಪ್ಪಲ್ಲ, ಕೈಯ ತಪ್ಪು," ಎಂದರು ಸಾಹೇಬರು. "ಕಲಿತ್ರೆ ಸರಿಹೋಗುತ್ತೆ. ಅಲ್ವಾ ಮೇಷ್ಟ್ರೇ?"

"ಹೌದು ಸಾರ್. ಅಭ್ಯಾಸ ಸಾಲದು."

"ಒಂದ್ಸಲ ನೀವೇ ತೋರಿಸಿಬಿಡಿ. ಅನುಭವ ಇರೋ ಕೈ ಹೇಗಿರುತ್ತೆ ಅಂತ ಇವರೆಲ್ಲ ನೋಡ್ಲಿ. ಆಮೇಲೆ ಸಹಿ ಹಾಕಿ ಮುಗಿಸೋಣ."

ಮಾವ ಎದೆಯುಬ್ಬಿಸಿ ಮುಂದೆ ಬಂದರು. ಓದುವ ಕನ್ನಡಕ ತೆಗೆದು ಜೇಬಿಗೆ ಹಾಕಿ, ಗುರಿಯ ಕನ್ನಡಕ ಏರಿಸಿದರು. ಅದನ್ನು ಹಾಕಿದರೆ ದೂರದ ಹಲಗೆ ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವುದು ಮಬ್ಬು. ಮೇಜಿನ ಮೇಲಿಂದ ನಲವತ್ತೈದನ್ನೂ ಅದರ ಒಂದು ಮ್ಯಾಗಜಿನ್ನನ್ನೂ ಎತ್ತಿಕೊಂಡರು. ತಳದಲ್ಲಿ ಕೆಂಪು ಬೊಟ್ಟು! ಅದು ನನಗೆ ಕಂಡಿತು, ಅವರಿಗೆ ಕಾಣಲಿಲ್ಲ.

ಇಷ್ಟು ವರ್ಷದಲ್ಲಿ ಮಾವ ಡಮ್ಮಿ ಸೇರಿಸಿದ ಗನ್ನಿನಿಂದ ಗುಂಡು ಹೊಡೆದದ್ದೇ ಇಲ್ಲ ಎಂದು ಆಗ ಹೊಳೆಯಿತು. ಪರೀಕ್ಷೆ ಮಾಡುವವರೇ ಅವರು, ಅವರಿಗೆ ಪರೀಕ್ಷೆ ಮಾಡುವವರು ಯಾರು? ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಅವರು ಕುಕ್ಕಿದರೆ ನನಗೆ ಲಾಭ. ಆದರೆ ಸಾಲಿನವರೆಲ್ಲ ನಿಂತು ನೋಡುತ್ತಿದ್ದಾರೆ, ಮುದುಕ ಎದೆಯುಬ್ಬಿಸಿಕೊಂಡು ನಿಂತಿದ್ದಾರೆ.

"ಮಾವ!" ಎಂದುಬಿಟ್ಟೆ. "ಅದು ಬೇಡ. ಅದರಲ್ಲಿ ಡಮ್ಮಿ ಇದೆ."

ಗೇಟಿನ ಒಳಗೆ ಆ ಶಬ್ದ ಅದೇ ಮೊದಲು ಬಿದ್ದದ್ದು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮಾವ ಮ್ಯಾಗಜಿನ್ನನ್ನು ತೋಳಿನಷ್ಟು ದೂರ ಹಿಡಿದು ಬೊಟ್ಟು ನೋಡಿದರು, ನನ್ನನ್ನೂ ನೋಡಿದರು. ಅವರ ಮೂಗಿನ ಹೊಳ್ಳೆ ಅಗಲವಾಯಿತು. ಅಂದರೆ ಹಟ ಬಂತು ಎಂದು ಅರ್ಥ.

"ಇದ್ರೆ ಇರ್ಲಿ," ಎಂದರು. "ಇದೆ ಅಂತ ಗೊತ್ತಿರೋ ಕೈಗೆ ಏನು ಹೆದರಿಕೆ? ನೋಡ್ಕೊಳ್ಳಿ ಎಲ್ಲರೂ."

ಸಿಕ್ಕಿಸಿದರು. ನಿಂತರು. ನಿಂತ ಭಂಗಿ ನೋಡಬೇಕು, ಪುಸ್ತಕದಲ್ಲಿ ಚಿತ್ರ ಬರೆಸಬಹುದು. ಢಂ. ಢಂ. ಢಂ. ಟಕ್.

ಗನ್ನಿನ ಮೂತಿ ಹೀಗೆ ಕೆಳಗೆ ಬಂತು ನೋಡಿ, ನನ್ನದು ಕುಕ್ಕಿದ್ದು ಅದರ ಮುಂದೆ ಏನೂ ಅಲ್ಲ. ಮೊಣಕೈಯಿಂದಲೇ ಕುಕ್ಕಿತು.

ಯಾರೂ ನಗಲಿಲ್ಲ. ಸಾಹೇಬರು ಬೂಟಿನ ಲೇಸು ನೋಡಿಕೊಳ್ಳತೊಡಗಿದರು. ಮಾವ ತಮ್ಮ ಕೈಯನ್ನು ಯಾರೋ ಬೇರೆಯವರ ಕೈ ಎಂಬಂತೆ ನೋಡಿದರು. ಗನ್ನನ್ನು ಖಾಲಿ ಮಾಡಿ, ಮೇಜಿನ ಮೇಲಿಟ್ಟು, ಇನ್ನೊಂದು ಬೊಟ್ಟಿನ ಮ್ಯಾಗಜಿನ್ ತೆಗೆದುಕೊಂಡು ಮತ್ತೆ ನಿಂತರು. ಈ ಸಲ ಎರಡನೆಯದೇ ಡಮ್ಮಿ. ಮತ್ತೆ ಕುಕ್ಕಿತು. ಆಗ ಮಾವ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ.

"ಅಯ್ಯೋ ನನ್ನ ಕರ್ಮವೇ! ಸಾರ್, ಈ ಕೈ ನನಗೆ ಇಷ್ಟು ವರ್ಷ ಮೋಸ ಮಾಡ್ಕೊಂಡು ಬಂದಿದೆ ಸಾರ್. ಇದಕ್ಕೆ ಹೆದರಿಕೆ ಇದೆ ಅಂತ ನನಗೇ ಹೇಳಿಲ್ಲ."

"ಬಿಡಿ ಮೇಷ್ಟ್ರೇ, ವಯಸ್ಸಾಯ್ತಲ್ಲ," ಎಂದರು ಸಾಹೇಬರು.

"ವಯಸ್ಸಲ್ಲ ಸಾರ್. ಅಭ್ಯಾಸ ಮಾಡಿದ್ರೆ ಎಂಥ ಕೈಯೂ ನಿಲ್ಲುತ್ತೆ ಅಂದವನು ನಾನು. ನನಗಿಂತ ಅಭ್ಯಾಸ ಮಾಡಿದವನು ಇಲ್ಲಿ ಯಾರಿದ್ದಾರೆ? ನನ್ನದೇ ಹೀಗೆ ಕುಕ್ಕಿದ್ರೆ ಇವರದ್ದೆಲ್ಲ ಏನು ಕಥೆ? ದೊಡ್ಡ ಗುಂಡು ನೆಲಕ್ಕೆ ಹೋದ್ರೆ ಏನು ಬಂತು? ನನ್ನ ಪುಣ್ಯಕ್ಕೆ ಅವತ್ತು ಗಡಿಯಾರಕ್ಕಾದ್ರೂ ತಾಗಿತ್ತು." ಅಲ್ಲಿಗೆ ಸಾಲಿನಲ್ಲಿದ್ದವರು ತಡೆದುಕೊಂಡಿದ್ದ ನಗುವೆಲ್ಲ ಹೊರಬಂತು. ಮಾವ ಮಾತ್ರ ಗುರಿಹಲಗೆಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದರು. ಒಂಬತ್ತರಲ್ಲಿ ಸಾಲಿನ ಹೆಚ್ಚಿನವರ ಗುಂಡುಗಳು ಮಧ್ಯದಲ್ಲಿದ್ದವು. ನಲವತ್ತೈದರಲ್ಲಿ ಸಾಹೇಬರಂಥ ಒಬ್ಬಿಬ್ಬರದು ಬಿಟ್ಟರೆ ಉಳಿದವರದು ಕೆಳಗೆ, ಎಡಕ್ಕೆ, ಹಲಗೆಯ ಕಾಲಿಗೆ.

"ನನ್ನ ಮತ ಒಂಬತ್ತಕ್ಕೆ," ಎಂದರು ಮಾವ. ಉಗ್ರಾಣದ ಮೇಡಂ, "ಅದರ ಬಿಡಿಭಾಗ ಎಲ್ಲ ಕಡೆ ಸಿಗುತ್ತೆ," ಎಂದು ತಾವೂ ಕೈಯೆತ್ತಿದರು. ಚಪ್ಪಲಿ ಆರಿಸಲಾರದ ಮನುಷ್ಯ ಪಿಸ್ತೂಲನ್ನು ಆರಿಸಿಬಿಟ್ಟಿದ್ದರು. ನನ್ನ ಬೀಟ್ ಉಳಿಯಿತು. ಅಲ್ಲೇ ಕುಣಿದುಬಿಡುತ್ತಿದ್ದೆ, ಅಷ್ಟರಲ್ಲಿ ಮಾವ ಕುತ್ತಿಗೆಯಿಂದ ಸೀಟಿ ತೆಗೆದು ಸಾಹೇಬರ ಕೈಗೆ ಕೊಟ್ಟರು.

"ಇದೇನು?"

"ಕುಕ್ಕಿದವರು ಕೂರಬೇಕು ಸಾರ್."

"ಅಯ್ಯೋ, ನಿಮಗೆಲ್ಲಿಯ ನಿಯಮ!"

"ನಾನೇ ಮಾಡಿದ್ದು ಸಾರ್. ನನಗಲ್ಲ ಅಂದ್ರೆ ಇನ್ಯಾರಿಗೆ? ಹೊಸ ಪಿಸ್ತೂಲಿನಲ್ಲಿ ಪಾಸಾಗೋವರೆಗೆ ಕೂರ್ತೀನಿ."

ಮನೆಯಲ್ಲಿ ಅತ್ತೆಗೆ ಹಬ್ಬ. "ಟೆಲಿಫೋನ್ ಎತ್ತೋಕೆ ಇವರನ್ನ ಕೂರಿಸಿದ್ರಾ? ಇವರು ಕೂಗೋ ಕೂಗಿಗೆ ಟೆಲಿಫೋನ್ ಯಾಕೆ ಬೇಕು? ಕಿಟಕಿ ತೆಗೆದ್ರೆ ಸಾಕಲ್ಲ!" ಆ ಕೋಣೆಗೆ ಕಿಟಕಿ ಇಲ್ಲ ಅತ್ತೆ ಎಂದೆ. ಬಲಗಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮಾವ ಅಲ್ಲಿ ಕೂತರು, ನಾನು ಹೊಸ ಪಿಸ್ತೂಲಿನಲ್ಲಿ ಪರೀಕ್ಷೆ ಪಾಸಾಗಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬೀದಿಗಿಳಿದೆ. ಮೊದಲ ದಿನಗಳಲ್ಲಿ ಅವರ ವೈರ್‌ಲೆಸ್ ಕೇಳುವುದೇ ಮಜಾ. ಕಳೆದುಹೋದ ನಾಯಿಯನ್ನು ಹುಡುಕಲು ಹೇಳುವಾಗಲೂ ಯುದ್ಧಕ್ಕೆ ಕಳಿಸುವ ದನಿ. ಗಾಡಿಗಳವರೆಲ್ಲ ಸೆಟ್ಟಿನ ಸದ್ದು ತಗ್ಗಿಸಿಕೊಂಡರು.

ಆಮೇಲೆ ಒಂದು ಮಧ್ಯಾಹ್ನ ಆ ಕರೆ ಬಂತು. ಹಳೇ ಗೋದಾಮಿನ ಹಿಂದಿನ ಬೀದಿ, ಒಬ್ಬ ದೊಡ್ಡ ಆಳು ಕಬ್ಬಿಣದ ಸಲಾಕೆ ಹಿಡಿದು ಮನೆಯೊಂದಕ್ಕೆ ನುಗ್ಗಿದ್ದಾನೆ, ಒಳಗೆ ಹೆಂಗಸಿನ ಕೂಗು ಕೇಳುತ್ತಿದೆ, ಪಕ್ಕದ ಮನೆಯವರು ಫೋನ್ ಮಾಡಿದ್ದಾರೆ. "ಹತ್ತಿರ ಯಾವ ಗಾಡಿ ಇದೆ?" ಎಂದರು ಮಾವ. ನಾನು ಮುಂದಿನ ತಿರುವಿನಲ್ಲೇ ಇದ್ದೆ, ಹೇಳಿದೆ. "ಬೇರೆ ಗಾಡಿ?" ಎಂದರು. ಒಂದು ಸೇತುವೆಯಾಚೆ, ಇನ್ನೊಂದು ಆಸ್ಪತ್ರೆಯ ಹತ್ತಿರ. "ಬೇರೆ ಯಾರೂ ಇಲ್ವಾ?" ಎಂದು ಮತ್ತೆ ಕೇಳಿದರು. ಯಾರೂ ಇರಲಿಲ್ಲ.

"ಬೈಕ್ ಹೋಗಲಿ," ಎಂದರು. ಅವರ ಬಾಯಲ್ಲಿ ಅಷ್ಟು ಸಣ್ಣ ದನಿ ನಾನು ಕೇಳಿದ್ದೇ ಇಲ್ಲ.

ಹೋದೆ. ಕೈ ಹೋಲ್‌ಸ್ಟರಿನ ಮೇಲೆ ಇಟ್ಟುಕೊಂಡು ಒಳಗೆ ಕಾಲಿಟ್ಟೆ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಗಿತ್ತು. ಆ ಆಳು ಸಲಾಕೆ ಹಿಡಿದು ಬಚ್ಚಲಮನೆಯ ಬಾಗಿಲು ಮೀಟುತ್ತಿದ್ದ. ಒಳಗಿದ್ದವರು ಅವನ ಅಮ್ಮ, ಚಿಲಕ ಸಿಕ್ಕಿಹಾಕಿಕೊಂಡಿತ್ತು. ಅವರು ಆ ಬೀದಿಗೆ ಬಂದು ವಾರವೂ ಆಗಿರಲಿಲ್ಲ, ಅಕ್ಕಪಕ್ಕದವರಿಗೆ ಮುಖ ಗೊತ್ತಿಲ್ಲ. "ಮೇಡಂ, ಒಂದು ಕೈ ಹಾಕಿ!" ಎಂದ. ಸಲಾಕೆಯ ಇನ್ನೊಂದು ತುದಿಗೆ ನಾನೂ ಜೋತುಬಿದ್ದೆ. ಬಾಗಿಲು ಕಿತ್ತುಬಂತು, ಮುದುಕಿ ಮಗನಿಗೆ ಬಯ್ಯುತ್ತಾ ಹೊರಬಂದರು, ನೀರು ಕುಡಿಸಿ ಕೂರಿಸಿದೆವು. ಈ ಗಡಿಬಿಡಿಯಲ್ಲಿ ಸುದ್ದಿ ತಿಳಿಸುವುದು ಮರೆತೇಹೋಗಿತ್ತು. ಬೈಕಿನ ಹತ್ತಿರ ಬಂದಾಗ ಸೆಟ್ಟು ಒಂದೇ ಸಮನೆ ನನ್ನನ್ನು ಕರೆಯುತ್ತಿತ್ತು.

"ಎಲ್ಲಾ ಸರಿಯಾಗಿದೆ ಸಾರ್. ಚಿಲಕ ಕೆಟ್ಟಿತ್ತು, ಅಷ್ಟೇ," ಎಂದೆ.

"ಗನ್ ತೆಗೆದ್ಯಾ?"

"ಇಲ್ಲ ಸಾರ್."

"ನನ್ನ ಕೈಯಲ್ಲಿ ಒಂದು ಪೆನ್ಸಿಲ್ ಬಿಟ್ಟು ಏನೂ ಇಲ್ಲ ಕಣಮ್ಮಾ," ಎಂದರು. ಎಲ್ಲ ಗಾಡಿಗಳೂ ಕೇಳುತ್ತಿವೆ ಎಂಬ ಪರಿವೆ ಅವರಿಗೆ ಇರಲಿಲ್ಲ. "ಹಾಳಾದ ಕೈ ಇನ್ನೂ ನಡುಗ್ತಾನೇ ಇದೆ. ನಿನ್ನ ಕಳಿಸಿದ ಗಳಿಗೆಯಿಂದ ನಿಂತಿಲ್ಲ."

ನಾನು ಸೆಟ್ಟಿನ ಹತ್ತಿರಕ್ಕೆ ಬಗ್ಗಿದೆ.

"ಇಷ್ಟು ವರ್ಷ," ಎಂದರು ಮಾವ, "ಹೆದರೋರನ್ನ ಹುಡುಕಿ ಹುಡುಕಿ ಈ ಕುರ್ಚಿಗೆ ಕಳಿಸ್ತಾ ಇದ್ದೆನಲ್ಲಮ್ಮಾ ನಾನು."

ನಾನು ಕಣ್ಣೊರೆಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಬೀಟಿಗೆ ವಾಪಸ್ ಹೊರಟೆ ಎಂದು ಅವರಿಗೆ ತಿಳಿಸಿದೆ.